ಕೆಂಪುಕಲ್ಲಿನ ಗೋಡೆಗೆ ಹಲಸಿನ ದಾರಂದ

ಪುತ್ತೂರು ಕಡೆ ಮಳೆ ಹೊಡೆಯುವುದು ಪಡುವಣದಿಂದ. ನಮ್ಮ ಹೊಸ ಮನೆಯ ಮುಂಬಾಗಿಲೂ ಅದೇ ದಿಕ್ಕಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು, ಮಳೆ ಬಿಟ್ಟ ಮೇಲೆ ಸಂಜೆಬಿಸಿಲು. ಬಾಗಿಲು ಹಾಳಾದರೆ ಕಳಚಿ ಬೇರೆ ಕೂರಿಸಬಹುದು, ಅದನ್ನು ಹಿಡಿದಿರುವ ಚೌಕಟ್ಟು, ಅಂದರೆ ದಾರಂದ, ಹಾಳಾದರೆ ಗೋಡೆಯನ್ನೇ ಒಡೆಯಬೇಕು. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ 5×3 ಇಂಚಿನ ದಾರಂದ ಅಂದರೆ ಹೊಸ್ತಿಲೂ ಸೇರಿ ಸುಮಾರು ಎರಡೂಕಾಲು ಘನ ಅಡಿ ಮರ, ಅಷ್ಟೆ. ಇಷ್ಟು ಸಣ್ಣ ಲೆಕ್ಕದಲ್ಲಿ ಉಳಿತಾಯ ಹುಡುಕುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ತೇಗ ನೋಡಿದೆ. "ತೇಗ ಅಂದ ಮೇಲೆ ಅದರಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಣ್ಣಾ?" ಅಂದರು ಮಿಲ್ಲಿನವರು. ನೋಡಲಿಕ್ಕೆ ಬಹಳ ಉಂಟು. ಸಣ್ಣ ಪ್ರಾಯದ ತೇಗದಲ್ಲಿ ಕೆಚ್ಚು, ಅಂದರೆ ಒಳಗಿನ ಗಟ್ಟಿ ಮರ, ಕಡಿಮೆ; ಸುತ್ತಲಿನ ಬಿಳಿ ಮರ ಹೆಚ್ಚು. ಗೆದ್ದಲು ಮುಟ್ಟದು ಎಂಬ ಹೆಸರು ಕೆಚ್ಚಿನದು; ಬಿಳಿಗೆ ಆ ಗುಣವಿಲ್ಲ. ಅಲ್ಲಿದ್ದ ತುಂಡುಗಳಲ್ಲಿ ಒಂದಲ್ಲ ಒಂದು ಮೂಲೆಗೆ ಬಿಳಿ ಇಳಿದಿತ್ತು. ಆ ಮೂಲೆ ಗೋಡೆಯ ಬದಿಗೆ ಬಂದರೆ ಗೆದ್ದಲು ಒಳಗಿಂದ ತಿನ್ನುವುದು ಹೊರಗೆ ಕಾಣುವುದೇ ಇಲ್ಲ.

ಕೊನೆಗೆ ನಮ್ಮದೇ ಹಿತ್ತಲಿನ ಹಳೆಯ ಹಲಸು ಆರಿಸಿದೆ. ಅನುಮತಿ ಪಡೆದು, ಮಳೆಗಾಲ ಕಳೆದ ಮೇಲೆ ಕಡಿಸಿದ್ದು. ಹಲಸಿನ ಅರಸಿನ ಬಣ್ಣದ ಕೆಚ್ಚು ಗೆದ್ದಲಿಗೆ ಚೆನ್ನಾಗಿ ತಡೆಯುತ್ತದೆ, ಉಳಿಗೂ ಒಗ್ಗುತ್ತದೆ. ಕೊಯ್ಯುವಾಗ ನಾನೇ ಎದುರು ನಿಂತೆ. ದಿಮ್ಮಿಯ ನಟ್ಟನಡುವಿನ ಬೆಂಡು ಯಾವ ತುಂಡಿನಲ್ಲೂ ಉಳಿಯಬಾರದು. ಮರ ಒಣಗುವಾಗ ನಡುವಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಸುತ್ತಳತೆಯ ದಿಕ್ಕಿನಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಬೆಂಡು ಒಳಗೆ ಸೇರಿದ ತುಂಡು ಸೀಳುವುದು ಇದರಿಂದಲೇ.

ಕೊಯ್ದ ತುಂಡುಗಳ ಎರಡು ತುದಿಗೂ ದಪ್ಪ ಬಣ್ಣ ಬಳಿದೆ, ಏಕೆಂದರೆ ನೀರು ಬೇಗ ಆರುವುದು ತುದಿಯಿಂದ. ಬಿರುಕು ಬೀಳುವುದೂ ಅಲ್ಲಿಂದಲೇ. ನಡುನಡುವೆ ಪಟ್ಟಿ ಕೊಟ್ಟು ಮಾಡಿನಡಿ ಪೇರಿಸಿದೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ನಾನು ಅದರ ಜೊತೆಗೆ ತಕ್ಕಡಿಯನ್ನೂ ನಂಬುತ್ತೇನೆ. ಅದೇ ಮರದ ಒಂದು ತುಂಡಿಗೆ ತುದಿ ಬಳಿದು ರಾಶಿಯ ನಡುವೆ ಇಟ್ಟು ಆಗಾಗ ತೂಗಿ, ಅದರ ಮೇಲೆಯೇ ಪೆನ್ಸಿಲ್‌ನಲ್ಲಿ ತೂಕ ಬರೆಯುವುದು. ಬೇಸಿಗೆಯಲ್ಲೂ ತೂಕ ಇಳಿಯದೆ ನಿಂತಿತೆಂದರೆ ಉಳಿ ಎತ್ತಬಹುದು. ಮಳೆಗಾಲದಲ್ಲಿ ತೂಕ ನಿಂತರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಆಗ ಗಾಳಿಯಲ್ಲೇ ತೇವ.

ಹೊಸ್ತಿಲಿಗೆ ಮಾತ್ರ ಹಲಸು ಬೇಡವೆನಿಸಿತು. ನೀರು ನಿಲ್ಲುವುದೂ ಅಲ್ಲೇ, ಕಾಲು ಬೀಳುವುದೂ ಅಲ್ಲೇ. ಕೆಡವಿದ ಹಳೆ ಮನೆಯೊಂದರ ಕಿರಾಲುಬೋಗಿಯ ತೊಲೆ ಸಿಕ್ಕಿತು. ದೋಣಿಗೆ, ಸೇತುವೆಗೆ ಬಳಸುತ್ತಿದ್ದ ಮರ. ಭಾರಿ ತೂಕ, ಭಾರಿ ಗಟ್ಟಿ. ಹಳೆ ಮೊಳೆಗಳನ್ನು ಹುಡುಕಿ ಕಿತ್ತ ಮೇಲೆಯೇ ಕೀಸುಳಿ ಹಾಕಿದ್ದು. ಮೇಲ್ಮುಖವನ್ನು ಹೊರಗಡೆಗೆ ತುಸು ಇಳಿಜಾರು ಮಾಡಿದೆ, ಬುಡಕ್ಕೆ ಕಲ್ಲು ಕೊಟ್ಟೆ.

ಗೋಡೆಗೆ ತಾಗುವ ಬದಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಎರಡು ಕೈ ಬಳಿದೆ. ಕೆಂಪುಕಲ್ಲು ತೇವ ಹಿಡಿಯುತ್ತದೆ, ಒಮ್ಮೆ ಕೂರಿಸಿದ ಮೇಲೆ ಆ ಬದಿಗೆ ಕೈ ಹೋಗುವುದಿಲ್ಲ. ದಾರಂದದ ಕಾಲುಗಳ ಬುಡದ ತುದಿ ಎಣ್ಣೆ ಕುಡಿಯುವುದು ನಿಲ್ಲಿಸುವ ತನಕ ಬಳಿಯಬೇಕು. ಕೈಗೆ ಗವಸು ಹಾಕಿಕೊಳ್ಳಿ, ಈ ಎಣ್ಣೆ ಚರ್ಮ ಸುಡುತ್ತದೆ.