ಎಸಿ ಡಕ್ಟಿನ ಹೀಟ್ ಪೈಪ್ ನಿಜಕ್ಕೂ ಎಷ್ಟು ಉಳಿಸುತ್ತದೆ? ಅಳೆಯುವ ಕ್ರಮ

ಕಟ್ಟಡದಿಂದ ಹೊರಹೋಗುವ ತಣ್ಣನೆಯ ಗಾಳಿಯಿಂದ ಒಳಬರುವ ಬಿಸಿ ಗಾಳಿಯನ್ನು ಮೊದಲೇ ತಣಿಸಲು ಎರಡೂ ಡಕ್ಟುಗಳಿಗೆ ಅಡ್ಡಲಾಗಿ ಹೀಟ್ ಪೈಪ್ ಕೂರಿಸುತ್ತಾರೆ. ನಿರ್ವಾತಗೊಳಿಸಿ, ಆರ್-134ಎ ತರಹದ ರೆಫ್ರಿಜರೆಂಟನ್ನು (ಎಸಿಗಳಲ್ಲಿ ಬಳಸುವ, ಸುಲಭವಾಗಿ ಕುದಿಯುವ ಶೀತಕ) ಅಳತೆಯಷ್ಟೇ ತುಂಬಿ ಮುಚ್ಚಿದ ತಾಮ್ರದ ಕೊಳವೆಗಳಿವು. ಬಿಸಿ ತುದಿಯಲ್ಲಿ ದ್ರವ ಕುದಿದು ಆವಿಯಾಗಿ ತಣ್ಣನೆಯ ತುದಿಗೆ ಹೋಗಿ, ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ ಮರಳುತ್ತದೆ.

ದ್ರವವನ್ನು ಹೀರಿ ಸಾಗಿಸುವ ಬತ್ತಿ ಒಳಗಿಲ್ಲದ ಕೊಳವೆಯಲ್ಲಿ ದ್ರವ ಮರಳುವುದು ಗುರುತ್ವದಿಂದ ಮಾತ್ರ. ಆದ್ದರಿಂದ ಬಿಸಿ ಗಾಳಿಯ ತುದಿಯೇ ತಗ್ಗಿನಲ್ಲಿದೆಯೆಂದು ರಸಮಟ್ಟ ಇಟ್ಟು ಖಚಿತಪಡಿಸಿಕೊಳ್ಳಬೇಕು. ವರ್ಷದ ಬಹುಪಾಲು ಹೊರಗೆ ಸೆಕೆಯಿರುವ ಮಂಗಳೂರಿನಲ್ಲಿ ಈ ಓರೆ ಸ್ಥಿರವಾಗಿದ್ದರೂ ನಡೆಯುತ್ತದೆ. ಚಳಿಗಾಲದಲ್ಲಿ ಶಾಖದ ದಿಕ್ಕೇ ತಿರುಗುವ ದೆಹಲಿಯಲ್ಲಿ ನಡೆಯದು.

ಜೋಡಿಸುವ ಮುನ್ನ ಕೊಳವೆಯ ಕೆಳತುದಿಯನ್ನು 45 ಡಿಗ್ರಿಯ ನೀರಿನಲ್ಲಿ ಅದ್ದಿ ಮೇಲ್ತುದಿಯನ್ನು ಕೈಯಲ್ಲಿ ಹಿಡಿದರೆ, ಒಳ್ಳೆಯ ಕೊಳವೆ ಕೆಲವೇ ಸೆಕೆಂಡುಗಳಲ್ಲಿ ತುದಿಯವರೆಗೂ ಬೆಚ್ಚಗಾಗುತ್ತದೆ. ಮೇಲಿನ ಒಂದೆರಡು ಅಂಗುಲ ಮಾತ್ರ ತಣ್ಣಗೇ ಉಳಿದರೆ ಒಳಗೆ ಗಾಳಿ ಸೇರಿಕೊಂಡಿದೆ ಎಂದೇ ಶಂಕಿಸಬೇಕು. ಕುದಿಯುವ ನೀರನ್ನು ಎಂದಿಗೂ ಬಳಸಬಾರದು: 100 ಡಿಗ್ರಿಯಲ್ಲಿ ಆರ್-134ಎಯ ಒತ್ತಡ 40 ಬಾರ್‌ನ ಹತ್ತಿರಕ್ಕೆ ಏರುತ್ತದೆ.

ಮುಂದಿನದು ಅಳತೆ. ಉಷ್ಣತೆ ಅಳೆಯುವ ಸಂವೇದಕಗಳಾದ ಥರ್ಮೋಕಪಲ್‌ಗಳನ್ನೆಲ್ಲ ಮೊದಲು ಒಂದೇ ಕಡೆ ಇಟ್ಟು ಹೋಲಿಸಬೇಕು, ಏಕೆಂದರೆ ಐದು ಡಿಗ್ರಿಯ ಇಳಿಕೆಯಲ್ಲಿ ಅರ್ಧ ಡಿಗ್ರಿಯ ತಪ್ಪೆಂದರೆ ಶೇ. 10ರಷ್ಟಾಯಿತು. ಹೊರಗಾಳಿ 34, ಕೋಣೆಯಿಂದ ಬರುವ ಗಾಳಿ 24, ಹೀಟ್ ಪೈಪ್ ದಾಟಿದ ಹೊರಗಾಳಿ 29 ಡಿಗ್ರಿಯಿದ್ದು, ಎರಡೂ ಕಡೆ ಗಾಳಿಯ ಪ್ರಮಾಣ ಸಮನಾಗಿದ್ದರೆ ದಕ್ಷತೆ ಶೇ. 50, ಅಂದರೆ ಎರಡು ಗಾಳಿಗಳ ನಡುವಿನ ಹತ್ತು ಡಿಗ್ರಿ ಅಂತರದಲ್ಲಿ ಐದು ಡಿಗ್ರಿ ಇಳಿದಿದೆ. ಕೋಣೆಯಿಂದ ಹೊರಹೋಗುವ ಗಾಳಿಯೇ ಕಡಿಮೆಯಿದ್ದಲ್ಲಿ ಈ ಇಳಿಕೆಯೂ ಕಡಿಮೆ ಕಾಣುತ್ತದೆ. ಅದು ಕೊಳವೆಯ ದೋಷವಲ್ಲ, ಆದ್ದರಿಂದ ಎರಡೂ ಡಕ್ಟುಗಳ ಹರಿವನ್ನು ಅಳೆಯದೆ ತೀರ್ಮಾನಕ್ಕೆ ಬರಬೇಡಿ. ಕೊಳವೆಗೆ ಜೋಡಿಸಿದ ತೆಳು ಲೋಹದ ಹಾಳೆಗಳಾದ ಫಿನ್‌ಗಳಿಂದ ನೀರು ತೊಟ್ಟಿಕ್ಕುತ್ತಿದ್ದರೆ ತೇವಾಂಶದ ಶಾಖವೂ ಸೇರಿರುವುದರಿಂದ ವೆಟ್ ಬಲ್ಬ್ ಉಷ್ಣತೆಯನ್ನೂ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದು) ದಾಖಲಿಸಬೇಕು.

ಗಂಟೆಗೆ 1000 ಘನ ಮೀಟರ್ ಗಾಳಿಗೆ ಈ ಇಳಿಕೆಯೆಂದರೆ ಸುಮಾರು 1.6 ಕಿಲೋವ್ಯಾಟ್ ತಂಪು, ಅಂದರೆ ಎಸಿಯ ಲೆಕ್ಕದಲ್ಲಿ ಅರ್ಧ ಟನ್‌ಗೆ ಸ್ವಲ್ಪ ಕಡಿಮೆ. ಇಷ್ಟನ್ನೇ ಉಳಿತಾಯವೆಂದು ಬರೆಯುವುದು ದೊಡ್ಡ ತಪ್ಪು. ಎಸಿಯ ಸಿಒಪಿ (ಒಂದು ಪಾಲು ವಿದ್ಯುತ್ತಿಗೆ ಅದು ಹೊರತೆಗೆಯುವ ಶಾಖದ ಪಾಲು) 3 ಎಂದಿಟ್ಟುಕೊಂಡರೆ ಉಳಿಯುವ ವಿದ್ಯುತ್ತು ಸುಮಾರು 530 ವ್ಯಾಟ್. ಪ್ರತಿ ಬದಿಯಲ್ಲಿ 150 ಪಾಸ್ಕಲ್ ಒತ್ತಡ ನಷ್ಟವಾಗಿ, ಫ್ಯಾನಿನ ದಕ್ಷತೆ ಶೇ. 50 ಇದ್ದರೆ ಎರಡು ಫ್ಯಾನುಗಳು ಸೇರಿ ಅದರಲ್ಲಿ ಸುಮಾರು 165 ವ್ಯಾಟ್ ತಿನ್ನುತ್ತವೆ. ಫಿನ್‌ಗಳಲ್ಲಿ ಧೂಳು ಕಟ್ಟಿದಂತೆ ಈ ಪಾಲು ಹೆಚ್ಚುತ್ತಲೇ ಹೋಗುವುದರಿಂದ, ಉಷ್ಣತೆಯ ಜೊತೆಗೆ ಒತ್ತಡದ ವ್ಯತ್ಯಾಸವನ್ನೂ ತಿಂಗಳಿಗೊಮ್ಮೆ ಬರೆದಿಡಬೇಕು.