ಜರ್ಮನಿಗೆ ಹೊರಟ ತುಮಕೂರಿನವರಿಗೆ: ಅಲ್ಲಿನ ಕಸದ ಡಬ್ಬಿಗಳ ಲೆಕ್ಕ

ನಾನು ಜರ್ಮನಿಯಿಂದ ರಜೆಗೆ ತುಮಕೂರಿಗೆ ಬಂದಾಗಲೆಲ್ಲ, ಅಲ್ಲಿಗೆ ಓದಲು ಹೊರಟ ಹುಡುಗ ಹುಡುಗಿಯರು ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬರುತ್ತಾರೆ. ಬ್ಲಾಕ್ಡ್ ಅಕೌಂಟ್ (ವೀಸಾಕ್ಕಾಗಿ ಖರ್ಚಿನ ದುಡ್ಡು ಮೊದಲೇ ಇಡುವ ಖಾತೆ), ರೂಮು, ಚಳಿಗೆ ಜಾಕೆಟ್, ಕುಕ್ಕರ್ ಒಯ್ಯಬಹುದಾ, ಎಲ್ಲ ಕೇಳುತ್ತಾರೆ. ಕಸದ ಬಗ್ಗೆ ಯಾರೂ ಕೇಳುವುದಿಲ್ಲ. ಅಲ್ಲಿ ಮೊದಲ ಸಲ ಒಗ್ಗರಣೆ ಹಾಕಿದ ದಿನವೇ ಆ ಪ್ರಶ್ನೆ ಏಳುತ್ತದೆ. ಕೈಯಲ್ಲಿ ಈರುಳ್ಳಿ ಸಿಪ್ಪೆ, ಎಣ್ಣೆ ಬಾಟಲಿ, ಖಾಲಿ ಮೊಸರಿನ ಡಬ್ಬಿ. ಕೆಳಗೆ ಅಂಗಳದಲ್ಲಿ ನಾಲ್ಕು ಬಣ್ಣದ ದೊಡ್ಡ ಡಬ್ಬಿಗಳು.

ಹೆದರಬೇಡಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಪಾಲಿಕೆ ಗಾಡಿಗೆ ಕೊಡುವುದು ನಿಮಗೆ ಹೊಸದಲ್ಲ. ಹಳೇ ಪೇಪರ್ ಗುಜರಿಗೆ, ಅವರೆಕಾಯಿ ಸಿಪ್ಪೆ ಹಸುವಿಗೆ, ಉಳಿದದ್ದು ತಿಪ್ಪೆಗೆ ಅನ್ನುವ ಮನೆಯಿಂದ ಬಂದವರಿಗಂತೂ ಅರ್ಧ ಪಾಠ ಆಗಲೇ ಬಂದಿದೆ. ಅಲ್ಲಿ ವಿಂಗಡಣೆ ಇನ್ನೂ ಸೂಕ್ಷ್ಮ, ಮತ್ತು ಅದನ್ನು ಮನೆಯವರೇ ಮಾಡಬೇಕು. ಅಷ್ಟೇ ವ್ಯತ್ಯಾಸ.

ಸಾಮಾನ್ಯವಾಗಿ ಕಂದು ಬಣ್ಣದ್ದು ಹಸಿ ಕಸಕ್ಕೆ, ನೀಲಿ ಕಾಗದಕ್ಕೆ, ಹಳದಿ ಪ್ಯಾಕಿಂಗ್‌ಗೆ, ಕಪ್ಪು ಅಥವಾ ಬೂದು ಬಣ್ಣದ್ದು ಉಳಿದ ಕಸಕ್ಕೆ. ಈ ಕೊನೆಯದಕ್ಕೆ ರೆಸ್ಟ್‌ಮ್ಯೂಲ್ ಅನ್ನುತ್ತಾರೆ. ಬಣ್ಣ ಊರಿಂದ ಊರಿಗೆ ಬದಲಾಗುತ್ತದೆ, ಹಾಗಾಗಿ ಮುಚ್ಚಳದ ಮೇಲೆ ಬರೆದದ್ದನ್ನು ಓದಿ. ಕೆಲವು ಊರಲ್ಲಿ ಹಳದಿ ಡಬ್ಬಿ ಇರುವುದಿಲ್ಲ, ತೆಳ್ಳನೆಯ ಹಳದಿ ಚೀಲ ಕೊಡುತ್ತಾರೆ.

ನಮ್ಮವರು ಜಾಸ್ತಿ ತಪ್ಪುವುದು ಈ ಹಳದಿಯಲ್ಲೇ. ಪ್ಲಾಸ್ಟಿಕ್ ಎಲ್ಲ ಅದಕ್ಕೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಪ್ಯಾಕಿಂಗ್‌ಗೆ ಮಾತ್ರ. ಇದರ ಹಿಂದೆ ಒಂದು ಕಾರಣ ಇದೆ, ಅದು ತಿಳಿದರೆ ಮುಂದೆ ಯಾರನ್ನೂ ಕೇಳಬೇಕಾಗಿಲ್ಲ. 1991ರಲ್ಲಿ ಜರ್ಮನಿ ಒಂದು ನಿಯಮ ತಂದಿತು: ಸಾಮಾನನ್ನು ಪ್ಯಾಕ್ ಮಾಡಿ ಮಾರುವವರೇ ಆ ಪ್ಯಾಕಿಂಗ್ ವಾಪಸ್ ಪಡೆಯುವ ಹೊಣೆ ಹೊರಬೇಕು. ಅಂದರೆ ಮೊಸರಿನ ಡಬ್ಬಿಯ ವಿಲೇವಾರಿ ಖರ್ಚನ್ನು ಮಾರುವ ಕಂಪನಿ ಮೊದಲೇ ಕಟ್ಟಿರುತ್ತದೆ. ನಿಮ್ಮ ಬಕೆಟ್ಟು, ಮಗ್ಗು, ಹಲ್ಲುಜ್ಜುವ ಬ್ರಷ್ಷು, ಹ್ಯಾಂಗರ್‌ಗೆ ಯಾರೂ ಹಾಗೆ ಕಟ್ಟಿಲ್ಲ. ಅದಕ್ಕೇ ಅವು ಹಳದಿಗೆ ಸೇರುವುದಿಲ್ಲ. ಎಣ್ಣೆ ಬಾಟಲಿ, ಬಿಸ್ಕತ್ ಕವರ್, ಎಂಟಿಆರ್ ಪೊಟ್ಟಣ, ಟಿನ್ನು, ಹಾಲಿನ ರಟ್ಟಿನ ಪ್ಯಾಕು, ಅಲ್ಯೂಮಿನಿಯಂ ಹಾಳೆ ಸೇರುತ್ತವೆ. ಬರ್ಲಿನ್‌ನಂಥ ಕೆಲವು ಊರುಗಳಲ್ಲಿ ಮಾತ್ರ ಇದೇ ಡಬ್ಬಿಗೆ ಹಳೇ ಬಕೆಟ್ಟು, ಬಾಣಲೆ ಕೂಡ ಹಾಕಲು ಬಿಡುತ್ತಾರೆ.

ಮೊಸರಿನ ಡಬ್ಬಿಯನ್ನೇ ತೆಗೆದುಕೊಳ್ಳಿ, ನಮ್ಮ ಮನೆಗಳಲ್ಲಿ ಅದು ದಿನಾ ಖಾಲಿಯಾಗುತ್ತದೆ. ಚಮಚದಿಂದ ಚೆನ್ನಾಗಿ ಬಳಿದರೆ ಸಾಕು, ತೊಳೆಯಬೇಕಿಲ್ಲ. ಮೇಲಿನ ಅಲ್ಯೂಮಿನಿಯಂ ಮುಚ್ಚಳವನ್ನು ಪೂರ್ತಿ ಕಿತ್ತು ಬೇರೆಯಾಗಿ ಹಾಕಿ. ಸುತ್ತ ರಟ್ಟಿನ ಪಟ್ಟಿ ಇದ್ದರೆ ಅದನ್ನು ಬಿಡಿಸಿ ಕಾಗದದ ಡಬ್ಬಿಗೆ ಹಾಕಿ. ಒಂದರೊಳಗೆ ಒಂದು ಡಬ್ಬಿ ತುರುಕಬೇಡಿ. ಹಳದಿ ಡಬ್ಬಿಯ ಕಸವನ್ನು ಎತ್ತಿಕೊಂಡು ಹೋದ ಮೇಲೆ ಮತ್ತೆ ವಿಂಗಡಿಸುವುದು ಯಂತ್ರ. ಬೆಳಕು ಬಿಟ್ಟು ಇದು ಯಾವ ಪ್ಲಾಸ್ಟಿಕ್ ಅಂತ ಗುರುತಿಸುತ್ತದೆ. ಒಂದಕ್ಕೊಂದು ಅಂಟಿಕೊಂಡರೆ ಅದಕ್ಕೆ ಗುರುತು ಸಿಗುವುದಿಲ್ಲ, ಒಳ್ಳೆಯ ಪ್ಲಾಸ್ಟಿಕ್ಕೂ ಸುಡುವ ರಾಶಿಗೆ ಹೋಗುತ್ತದೆ. ಅರ್ಧ ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಹಸಿ ಕಸದ ಡಬ್ಬಿಗೆ ತರಕಾರಿ ಸಿಪ್ಪೆ, ಟೀ ಚರಟ, ಬಾಡಿದ ಪೂಜೆ ಹೂವು ಹೋಗುತ್ತವೆ. ಅನ್ನ, ಸಾರಿನಂಥ ಬೇಯಿಸಿದ್ದನ್ನು ಕೆಲವು ಊರಲ್ಲಿ ಒಪ್ಪುತ್ತಾರೆ, ಕೆಲವು ಊರಲ್ಲಿ ಇಲ್ಲ. ಯಾವ ಕಸ ಎಲ್ಲಿಗೆ ಅಂತ ತಿಳಿಸುವ ನಗರಸಭೆಯ ಚೀಟಿ ನೋಡಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾತ್ರ ಹಾಕಬೇಡಿ. ಮಣ್ಣಲ್ಲಿ ಕರಗುತ್ತದೆ ಅಂತ ಬರೆದಿರುವ ಚೀಲವೂ ಬಹಳ ಊರಲ್ಲಿ ನಡೆಯುವುದಿಲ್ಲ, ಹಳೇ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಹಾಕಿ. ಈ ಕಸದಿಂದ ಗೊಬ್ಬರ, ಬಯೋಗ್ಯಾಸ್ ಮಾಡುತ್ತಾರೆ. 2025ರ ಮೇ ತಿಂಗಳಿಂದ ನಿಯಮ ಇನ್ನೂ ಬಿಗಿಯಾಗಿದೆ. ಪ್ಲಾಸ್ಟಿಕ್ ಕಂಡರೆ ಡಬ್ಬಿ ಎತ್ತದೆ ಹೋಗಬಹುದು. ಆಮೇಲೆ ಅದನ್ನು ಎತ್ತಿಸುವ ಹೆಚ್ಚಿನ ಖರ್ಚು ಇಡೀ ಬಿಲ್ಡಿಂಗಿನವರ ಬಾಡಿಗೆ ಲೆಕ್ಕಕ್ಕೆ ಸೇರಬಹುದು. ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವುದು ಅದಕ್ಕೇ. ಅವರು ಹೇಳಿದ್ದನ್ನು ಜಗಳ ಅಂದುಕೊಳ್ಳಬೇಡಿ.

ಕಾಗದದಲ್ಲಿ ಎರಡೇ ಎಚ್ಚರಿಕೆ. ಅಂಗಡಿಯ ಬಿಲ್ ಸಾಮಾನ್ಯವಾಗಿ ಥರ್ಮಲ್ ಕಾಗದ, ಅದು ರೆಸ್ಟ್‌ಮ್ಯೂಲ್‌ಗೆ. ಎಣ್ಣೆ ಹಿಡಿದ ಪಿಜ್ಜಾ ಡಬ್ಬಿಯೂ ಅಲ್ಲಿಗೇ.

ಹಬ್ಬಕ್ಕೆ ಬಜ್ಜಿ, ಕಜ್ಜಾಯ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಲೇಬೇಡಿ. ಚಳಿಗೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ಸ್ವಲ್ಪವಾದರೆ ಟಿಶ್ಯೂನಲ್ಲಿ ಹೀರಿಸಿ ರೆಸ್ಟ್‌ಮ್ಯೂಲ್‌ಗೆ ಹಾಕಿ. ಜಾಸ್ತಿ ಇದ್ದರೆ ಆರಿದ ಮೇಲೆ ಬಾಟಲಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಅದನ್ನು ಎಲ್ಲಿ ಪಡೆಯುತ್ತಾರೆ ಅಂತ ನಗರಸಭೆಯ ಚೀಟಿಯಲ್ಲಿ ನೋಡಿ.

ಇನ್ನು ಬಾಟಲಿಗಳು. ನೀರು, ಕೂಲ್‌ಡ್ರಿಂಕ್ಸ್ ಕೊಂಡಾಗ ಬಿಲ್ಲಿನಲ್ಲಿ ಫಾಂಡ್ ಅಂತ ಹೆಚ್ಚಿಗೆ ದುಡ್ಡು ಹಾಕಿರುತ್ತಾರೆ. ಅದು ಠೇವಣಿ. ಒಮ್ಮೆ ಬಳಸುವ ಬಾಟಲಿ, ಕ್ಯಾನ್‌ಗೆ 25 ಸೆಂಟ್. ತೊಳೆದು ಮತ್ತೆ ತುಂಬುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8, ಅಂಥದೇ ನೀರಿನ ಬಾಟಲಿಗೆ 15. ಸೂಪರ್‌ಮಾರ್ಕೆಟ್‌ನಲ್ಲಿರುವ ಯಂತ್ರಕ್ಕೆ ಒಂದೊಂದಾಗಿ ಹಾಕಿದರೆ ಚೀಟಿ ಬರುತ್ತದೆ, ಕೌಂಟರ್‌ನಲ್ಲಿ ಕೊಟ್ಟರೆ ದುಡ್ಡು ವಾಪಸ್. ಬಾಟಲಿ ಅಪ್ಪಚ್ಚಿ ಮಾಡಬೇಡಿ, ಯಂತ್ರ ಅದರ ಗುರುತು ಓದಬೇಕು. 24 ಬಾಟಲಿಯ ಚೀಲಕ್ಕೆ 6 ಯೂರೋ ಆಯಿತಲ್ವಾ? ಓದುವ ಮಕ್ಕಳಿಗೆ ಅದು ದೊಡ್ಡದೇ. ದಾರಿಯಲ್ಲಿ ಬಾಟಲಿ ಖಾಲಿಯಾದರೆ ಕಸದ ಡಬ್ಬಿಯೊಳಗೆ ಎಸೆಯುವ ಬದಲು ಪಕ್ಕದಲ್ಲಿ ನಿಲ್ಲಿಸಿ ಹೋಗುವವರನ್ನು ಕಾಣುತ್ತೀರಿ. ಅದನ್ನು ಆರಿಸಿ ಬದುಕುವ ವಯಸ್ಸಾದವರು ಇದ್ದಾರೆ. ಅವರು ಕಸದೊಳಗೆ ಕೈ ಹಾಕುವುದು ತಪ್ಪಲಿ ಅಂತ ಹಾಗೆ ಮಾಡುತ್ತಾರೆ. ನೀವೂ ಮಾಡಿ.

ಫಾಂಡ್ ಇಲ್ಲದ ಗಾಜು, ಅಂದರೆ ಉಪ್ಪಿನಕಾಯಿ, ಜಾಮ್ ಬಾಟಲಿಗಳಿಗೆ ಬೀದಿಯಲ್ಲಿ ದೊಡ್ಡ ತೊಟ್ಟಿ ಇರುತ್ತದೆ. ಬಿಳಿ (ಅಂದರೆ ಬಣ್ಣವಿಲ್ಲದ್ದು), ಕಂದು, ಹಸಿರು ಬೇರೆ ಬೇರೆ. ನೀಲಿ ಗಾಜು ಹಸಿರಿಗೆ. ಕುಡಿಯುವ ಲೋಟ, ಬೋರೋಸಿಲ್ ಪಾತ್ರೆ, ಪಿಂಗಾಣಿ ಇಲ್ಲಿಗೆ ಬೇಡ, ಅವು ಕರಗುವ ಶಾಖವೇ ಬೇರೆ. ಭಾನುವಾರ, ರಾತ್ರಿ ಹೊತ್ತು ಗಾಜು ಹಾಕುವಂತಿಲ್ಲ. ಸದ್ದಾಗುತ್ತದೆ. ಸಮಯವನ್ನು ತೊಟ್ಟಿಯ ಮೇಲೇ ಬರೆದಿರುತ್ತಾರೆ.

ಬ್ಯಾಟರಿ ಯಾವ ಡಬ್ಬಿಗೂ ಬೇಡ, ಕಸದ ಲಾರಿಗೆ ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಟರಿ ಮಾರುವ ಅಂಗಡಿಯವರು ಹಳೆಯದನ್ನು ತೆಗೆದುಕೊಳ್ಳಲೇಬೇಕು. 2022ರ ಜುಲೈಯಿಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳೂ ಹಳೇ ಫೋನ್, ಟ್ರಿಮ್ಮರ್‌ನಂಥ ಸಣ್ಣ ಎಲೆಕ್ಟ್ರಿಕ್ ಸಾಮಾನು ವಾಪಸ್ ಪಡೆಯಬೇಕು, ಹೊಸದು ಕೊಳ್ಳದಿದ್ದರೂ.

ಮನೆ ಖಾಲಿ ಮಾಡುವಾಗ ಹಾಸಿಗೆ, ಮೇಜು ಬೀದಿಗಿಟ್ಟು ಹೋದರೆ ದಂಡ ಬೀಳುತ್ತದೆ. ದೊಡ್ಡ ಸಾಮಾನಿಗೆ ಷ್ಪೆರ್‌ಮ್ಯೂಲ್ ಅನ್ನುವ ವ್ಯವಸ್ಥೆ ಇದೆ. ಬಹಳ ಊರಲ್ಲಿ ಮೊದಲೇ ನಗರಸಭೆಗೆ ಹೇಳಿ ದಿನ ಗೊತ್ತು ಮಾಡಿಕೊಳ್ಳಬೇಕು, ವಾರಗಟ್ಟಲೆ ಕಾಯಬೇಕಾಗಬಹುದು. ಆದ್ದರಿಂದ ಮನೆ ಬಿಡುವ ನೋಟಿಸ್ ಕೊಟ್ಟ ವಾರವೇ ಅದನ್ನೂ ಬುಕ್ ಮಾಡಿಬಿಡಿ.