ಶ್ರೀಲಂಕಾದಲ್ಲಿ ಹೊರಗೆ ಊಟ ಮಾಡುವುದು ಹೇಗೆ: ಹುಬ್ಬಳ್ಳಿ-ಧಾರವಾಡದ ಪ್ರವಾಸಿಗರಿಗೆ

ಶಾಕಾಹಾರಿಗಳು ಮೊದಲು ಕಲಿಯಬೇಕಾದ ಒಂದು ಪದ ‘ಉಂಬಲಕಡ’. ಟ್ಯೂನಾ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವಂತೆ ಒಣಗಿಸಿ ಕುಟ್ಟಿದ್ದು. ನಾವು ಶೇಂಗಾಪುಡಿ ಉದುರಿಸಿದಂತೆ ಅಲ್ಲಿ ಇದನ್ನು ಬಳಸುತ್ತಾರೆ. ಕೊಬ್ಬರಿಯ ಚಟ್ನಿಯಾದ ಪೊಲ್ ಸಂಬೋಲ, ಉಳ್ಳಾಗಡ್ಡಿಯ ಸೀನಿ ಸಂಬೋಲ, ಖಾರದ ಲುಣು ಮಿರಿಸ್, ಕೆಲವು ಕಡೆ ಬೇಳೆ ಸಾರಿಗೂ ಬೀಳುತ್ತದೆ. ‘ವೆಜ್ ಇದೆಯಾ’ ಎಂದು ಕೇಳಿದರೆ ‘ಹೌದು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಒಗ್ಗರಣೆಯ ಸಾಮಾನು. ಆದ್ದರಿಂದ ‘ಮಾಳು ಎಪಾ, ಮಸ್ ಎಪಾ, ಉಂಬಲಕಡ ಎಪಾ’ ಎಂದು ಮೂರನ್ನೂ ಬಿಡಿಸಿ ಹೇಳಿ. ಮಾಳು ಎಂದರೆ ಮೀನು, ಮಸ್ ಎಂದರೆ ಮಾಂಸ, ಎಪಾ ಎಂದರೆ ಬೇಡ. ತತ್ತಿಯೂ ಬೇಡವಾದರೆ ‘ಬಿತ್ತರ ಎಪಾ’. ಪೂರ್ತಿ ನಿಶ್ಚಿಂತೆಯಿಂದ ಉಣ್ಣಲು ತಮಿಳರ ‘ಸೈವ’, ಅಂದರೆ ಶಾಕಾಹಾರಿ, ಹೋಟೆಲ್ ಹುಡುಕಿ. ಕೊಲಂಬೊದ ವೆಳ್ಳವತ್ತೆಯಲ್ಲಿ, ಜಾಫ್ನಾದಲ್ಲಿ ಇವು ಸಿಗುತ್ತವೆ.

ಮಧ್ಯಾಹ್ನದ ‘ರೈಸ್ ಆ್ಯಂಡ್ ಕರಿ’ ನಮ್ಮ ಖಾನಾವಳಿ ಊಟದ ಹಾಗೆ. ಅನ್ನ, ಬೇಳೆ, ಮೂರ್ನಾಲ್ಕು ಪಲ್ಯ, ಹಪ್ಪಳ. ಎಳೆ ಹಲಸಿನಕಾಯಿಯ ‘ಪೊಲೊಸ್’ ಸಿಕ್ಕರೆ ಬಿಡಬೇಡಿ. ಇದಕ್ಕೆ ಹನ್ನೆರಡೂವರೆಯೊಳಗೆ ಹೋಗುವುದೇ ಒಳ್ಳೆಯದು. ಬೆಳಿಗ್ಗೆ ಮಾಡಿ ಮಣ್ಣಿನ ಗಡಿಗೆಗಳಲ್ಲಿ ಇಟ್ಟಿರುತ್ತಾರೆ. ಎರಡು ಗಂಟೆಯ ಮೇಲೆ ಒಳ್ಳೆಯ ಪಲ್ಯ ಮುಗಿದಿರುತ್ತದೆ, ಉಳಿದದ್ದು ಆರಿರುತ್ತದೆ. ಕೈಯಿಂದ ಉಣ್ಣುವುದೇ ಅಲ್ಲಿನ ರೂಢಿ, ಸಂಕೋಚ ಬೇಡ.

ಖಾರದ ವಿಷಯದಲ್ಲಿ ನಮ್ಮವರು ಮೋಸ ಹೋಗುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಕೆಂಪು ಕಂಡು ಹೆದರದ ಅಭ್ಯಾಸ ನಮಗಿದೆ. ಅಲ್ಲಿ ‘ಕೊಚ್ಚಿ ಮಿರಿಸ್’ ಎಂಬ ಪುಟ್ಟ ಕಾಯಿ ನಾಲಿಗೆ ಸುಡುತ್ತದೆ. ಮೊದಲು ಚಿಟಿಕೆಯಷ್ಟು ನೋಡಿ. ಹೊಟ್ಟೆ ಕೆಡಲು ಇನ್ನೊಂದು ಕಾರಣ ತೆಂಗಿನ ಹಾಲು. ಶೇಂಗಾ ಎಣ್ಣೆಗೆ ಒಗ್ಗಿದವರಿಗೆ ಮೂರು ಹೊತ್ತೂ ಕಾಯಿಹಾಲಿನ ಸಾರು ಭಾರವಾಗುತ್ತದೆ. ಮೊದಲ ಎರಡು ದಿನ ದಿನಕ್ಕೆ ಒಂದೇ ಊಟಕ್ಕೆ ಇಡಿ.

ಸಂಜೆ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಕಾಣುವ ಇಸ್ಸೊ ವಡೆ ನೋಡಲು ಮಸಾಲೆ ವಡೆಯೇ, ಆದರೆ ಮೇಲೆ ಸೀಗಡಿ ಅಂಟಿಸಿರುತ್ತಾರೆ. ಪಕ್ಕದ ಸಾದಾ ವಡೆಯೂ ಅದೇ ಎಣ್ಣೆಯಲ್ಲಿ ಕರಿದಿರಬಹುದು. ರಾತ್ರಿ ಬೀದಿಯಲ್ಲಿ ಎರಡು ಕಬ್ಬಿಣದ ಪಟ್ಟಿಗಳಿಂದ ಟಕಟಕ ಕುಟ್ಟುವ ಸದ್ದು ಕೇಳಿದರೆ ಅದು ಕೊತ್ತು: ರೊಟ್ಟಿಯನ್ನು ಕತ್ತರಿಸಿ ತರಕಾರಿ, ತತ್ತಿ, ಕೋಳಿಯ ಜೊತೆ ಕಾವಲಿಯ ಮೇಲೆ ಹುರಿದದ್ದು. ತರಕಾರಿ ಕೊತ್ತು ಹೇಳಿದರೂ ಕೊನೆಗೆ ಕೋಳಿಯ ಗ್ರೇವಿ ಸುರಿಯುವುದುಂಟು. ಕಾವಲಿಗೆ ಹಾಕುವ ಮೊದಲೇ ಹೇಳಿ. ಮಡಿ ಪಾಲಿಸುವವರಿಗೆ ಇದು ಸಲ್ಲದು, ಕಾವಲಿ ಒಂದೇ.

ಚಹಾದಂಗಡಿಯಲ್ಲಿ ಕೇಳದಿದ್ದರೂ ತಟ್ಟೆ ತುಂಬ ರೋಲ್, ಕಟ್ಲೆಟ್, ಬನ್ ತಂದಿಡುತ್ತಾರೆ. ತಿಂದದ್ದಕ್ಕೆ ಮಾತ್ರ ದುಡ್ಡು, ಉಳಿದದ್ದು ವಾಪಸ್. ಆಕಾರ ನೋಡಿ ಊಹಿಸಬೇಡಿ. ತ್ರಿಕೋನದ ರೊಟ್ಟಿ ತರಕಾರಿಯದ್ದಿದ್ದರೆ ತ್ರಿಕೋನದ ಬನ್ ಮೀನಿನದು. ‘ಎಳವಳು?’ ಎಂದು ಕೇಳಿ, ಅಂದರೆ ತರಕಾರಿಯೇ ಎಂದು.

ಮೀನು ತಿನ್ನುವವರಿಗೆ ಮಿರಿಸ್ಸ, ಉಣವಟುನ ಕಡಲತೀರದ ಹೋಟೆಲುಗಳು ಸಂಜೆ ಮೀನನ್ನು ಐಸ್ ಮೇಲೆ ಜೋಡಿಸಿಟ್ಟಿರುತ್ತವೆ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಾಗಿರಬೇಕು. ದರ ಕಿಲೋಗೋ 100 ಗ್ರಾಮಿಗೋ ಕೇಳಿ, ಎದುರಿಗೇ ತೂಗಿಸಿ, ಅನ್ನ ಮತ್ತು ಸಲಾಡ್ ಅದರಲ್ಲೇ ಬರುತ್ತದೆಯೇ ಎಂದು ಖಚಿತ ಮಾಡಿಕೊಂಡ ಮೇಲೆ ಒಲೆಗೆ ಕೊಡಿ. ಜಗಳಗಳೆಲ್ಲ ತೂಗದೆ ಬೇಯಿಸಿದ ಮೀನಿನಿಂದಲೇ ಹುಟ್ಟುತ್ತವೆ. ದೊಡ್ಡ ರೆಸ್ಟೋರೆಂಟಿನ ಮೆನುವಿನಲ್ಲಿ ಬೆಲೆಯ ಮುಂದೆ ‘++’ ಇದ್ದರೆ ಸೇವಾಶುಲ್ಕ, ತೆರಿಗೆ ಬೇರೆ. ಸೇವಾಶುಲ್ಕ ಸಾಮಾನ್ಯವಾಗಿ ಶೇ. 10, ವ್ಯಾಟ್ 2024ರಿಂದ ಶೇ. 18. ಹುಣ್ಣಿಮೆಯ ‘ಪೋಯ’ ದಿನ ಮದ್ಯ ಮಾರುವುದಿಲ್ಲ, ಮಾಂಸದ ಅಂಗಡಿಯೂ ಬಂದ್.

ನಳದ ನೀರು, ಅದರ ಐಸ್ ಬೇಡ. ಕಣ್ಣೆದುರು ಕೆತ್ತಿ ಕೊಡುವ ಕಿತ್ತಳೆ ಬಣ್ಣದ ಎಳನೀರು, ‘ತಂಬಿಲಿ’, ಎಲ್ಲಕ್ಕಿಂತ ಮೇಲು. ಊಟದ ಕೊನೆಗೆ ಗಡಿಗೆಯ ಎಮ್ಮೆ ಮೊಸರಿನ ಮೇಲೆ ‘ಕಿತುಲ್ ಪಾಣಿ’ ಹಾಕಿಸಿಕೊಳ್ಳಿ. ಅದು ಬೈನೆ ಮರದ ರಸ ಕಾಯಿಸಿದ ಜೋನಿಬೆಲ್ಲ. ಸಕ್ಕರೆ ಪಾಕ ಬೆರೆಸಿದ್ದೂ ಮಾರಾಟವಾಗುತ್ತದೆ. ಅಸಲಿಯಾದರೆ ಸಣ್ಣ ಹೊಗೆವಾಸನೆ ಇರುತ್ತದೆ.